ಚಾವಡಿಯ ಹಳೆ ಕುರ್ಚಿಗಳನ್ನು ಮನೆಯಲ್ಲೇ ಸರಿಮಾಡುವುದು: ಒಬ್ಬಳೇ ಆದ ಮೇಲೆ ಕಲಿತದ್ದು

ನಮ್ಮವರು ತೀರಿಕೊಂಡದ್ದು ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಬರುವವರಿಗೆಂದು ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿ ತರಿಸಿದ್ದೆವು. ಮನೆಯ ಮುಂದಿನ ಚಾವಡಿಯಲ್ಲಿದ್ದ ಮರದ ಕುರ್ಚಿಗಳನ್ನು ಯಾರೋ ಎತ್ತಿ ಹಿಂದಿನ ಕೋಣೆಗೆ ಹಾಕಿದ್ದರು. ಎಲ್ಲ ಮುಗಿದು ನೆಂಟರು ಹೋದರು, ಮಗ ಬೆಂಗಳೂರಿಗೆ ಹೋದ, ಬಾಡಿಗೆ ಕುರ್ಚಿಯೂ ಹೋಯಿತು. ಆ ದಿನ ಸಂಜೆ ಚಾ ಹಿಡಿದುಕೊಂಡು ಚಾವಡಿಗೆ ಬಂದರೆ ಕೂರಲು ಒಂದು ಕುರ್ಚಿ ಇಲ್ಲ.

ಹಿಂದಿನ ಕೋಣೆಯಲ್ಲಿ ಆರು ಬೆತ್ತದ ಕುರ್ಚಿ, ಅವರ ಬಟ್ಟೆಯ ಒರಗು ಕುರ್ಚಿ, ಒಂದರ ಮೇಲೊಂದು ಬಿದ್ದಿದ್ದವು. ನನ್ನ ಮಾವನ ಕಾಲದವು. ಒಂದರ ಕಾಲು ಅಲ್ಲಾಡುತ್ತಿತ್ತು, ಎರಡರ ಬೆತ್ತ ಹರಿದಿತ್ತು, ಒಂದಕ್ಕೆ ಯಾವಾಗಲೋ ನೀಲಿ ಪೈಂಟ್ ಬಳಿದಿದ್ದರು. ಅಲ್ಲಿಂದ ಶುರುವಾದದ್ದು ಈ ಕೆಲಸ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ನಾನು ಒಂದೂವರೆ ವರ್ಷದಲ್ಲಿ ಏನು ಮಾಡಿದೆ, ಹೇಗೆ ಮಾಡಿದೆ ಅಂತ ಇಲ್ಲಿ ಬರೆದಿದ್ದೇನೆ. ನನ್ನ ಹಾಗೆ ಈಗಷ್ಟೇ ಒಬ್ಬರೇ ಆದವರು ಓದುತ್ತಿದ್ದರೆ ಅವರಿಗಾಗಿಯೇ ಕೆಲವು ಮಾತು ಜಾಸ್ತಿ ಬರೆದಿದ್ದೇನೆ.

ಯಾವ ಕುರ್ಚಿ ಮೊದಲು

ಅವರ ಕುರ್ಚಿಯಿಂದ ಶುರು ಮಾಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಮೊದಲ ಕುರ್ಚಿಯಲ್ಲಿ ಎಲ್ಲರೂ ತಪ್ಪು ಮಾಡುತ್ತಾರೆ. ಉಜ್ಜಬಾರದ ಕಡೆ ಉಜ್ಜುತ್ತೇವೆ, ಅಂಟು ಸೋರಿ ಕಲೆ ಆಗುತ್ತದೆ. ಆ ತಪ್ಪು ಯಾರದ್ದೂ ಅಲ್ಲದ ಕುರ್ಚಿಯಲ್ಲಿ ಆಗಲಿ. ಅಟ್ಟದಲ್ಲಿ, ಕೊಟ್ಟಗೆಯಲ್ಲಿ ಅಂಥದ್ದೊಂದು ಪ್ರತಿ ಮನೆಯಲ್ಲೂ ಇರುತ್ತದೆ. ನಾನು ನೀಲಿ ಪೈಂಟಿನದ್ದನ್ನು ತೆಗೆದುಕೊಂಡೆ.

ಅವರ ಕುರ್ಚಿಯನ್ನು ಯಾರಿಗಾದರೂ ಕೊಟ್ಟುಬಿಡು, ಕಣ್ಣೆದುರು ಇದ್ದರೆ ನಿನಗೇ ಕಷ್ಟ ಅಂತ ನನಗೂ ಹೇಳಿದರು. ಪ್ರೀತಿಯಿಂದಲೇ ಹೇಳಿದರು. ಆದರೆ ಕೊಡುವುದು ಬಿಡುವುದು ಮೊದಲ ತಿಂಗಳಲ್ಲಿ ತೀರ್ಮಾನ ಮಾಡುವ ವಿಷಯ ಅಲ್ಲ. ಒಂದು ಹಳೆ ಸೀರೆ ಮುಚ್ಚಿ ಗೋಡೆ ಬದಿಗೆ ಇಡಿ. ವರ್ಷಾಂತದ ಕ್ರಿಯೆ ಕಳೆಯಲಿ. ಆಮೇಲೆ ಮಕ್ಕಳನ್ನೂ ಕೇಳಿ. ನನ್ನ ಮಗನಿಗೆ ಆ ಕುರ್ಚಿ ಬೇಕೆಂಬ ಆಸೆ ಇತ್ತು, ನಾನು ಕೇಳುವ ತನಕ ಅವನು ಬಾಯಿ ಬಿಟ್ಟಿರಲಿಲ್ಲ.

ಮರ ಯಾವುದು, ಹುಳ ಇದೆಯಾ

ಕುರ್ಚಿಯನ್ನು ಅಂಗಳಕ್ಕೆ ತಂದು ತಲೆಕೆಳಗೆ ಮಾಡಿ ನೋಡಿ. ಮೇಲಿನಿಂದ ಕಾಣದ್ದೆಲ್ಲ ಅಡಿಯಲ್ಲಿ ಕಾಣುತ್ತದೆ. ಅಡಿಭಾಗಕ್ಕೆ ಪಾಲಿಶ್ ಹಾಕಿರುವುದಿಲ್ಲ, ಹಾಗಾಗಿ ಮರದ ಗುರುತೂ ಅಲ್ಲೇ ಸಿಗುತ್ತದೆ. ಹಲಸಿನ ಮರ ಹೊಸತರಲ್ಲಿ ಅರಸಿನ ಬಣ್ಣ, ಹಳತಾದಂತೆ ಕಂದು. ತೇಗವನ್ನು ಸ್ವಲ್ಪ ಉಜ್ಜಿದರೆ ಚರ್ಮದಂಥ ಒಂದು ವಾಸನೆ ಬರುತ್ತದೆ, ಕೈಗೆ ಎಣ್ಣೆ ಪಸೆ ತಾಗಿದ ಹಾಗೆ ಇರುತ್ತದೆ. ಬೀಟೆ ಕಪ್ಪು, ಎತ್ತಿದರೆ ಭಾರ. ನಮ್ಮ ಆರು ಕುರ್ಚಿಯೂ ಹಲಸು, ಒರಗು ಕುರ್ಚಿ ಮಾತ್ರ ತೇಗ.

ಒರಲೆ (ಗೆದ್ದಲು) ತಿಂದಿದ್ದರೆ ಮಣ್ಣಿನ ದಾರಿ ಕಾಣುತ್ತದೆ, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಕುಟ್ಟೆ ಹುಳ ಬೇರೆ. ಅದು ಗುಂಡುಸೂಜಿಯ ತಲೆಯಷ್ಟು ತೂತು ಮಾಡಿ ಮೈದಾದಂಥ ಹುಡಿ ಉದುರಿಸುತ್ತದೆ. ತೂತು ಕಂಡ ಕೂಡಲೇ ಹೆದರಬೇಡಿ, ಹಳೆ ತೂತಾಗಿರಬಹುದು. ಕುರ್ಚಿಯನ್ನು ಚೆನ್ನಾಗಿ ತಟ್ಟಿ ಹುಡಿ ಉದುರಿಸಿ, ಕೆಳಗೆ ಪೇಪರ್ ಹಾಸಿ ಒಂದು ವಾರ ಬಿಡಿ. ಪೇಪರಿನಲ್ಲಿ ಹೊಸ ಹುಡಿ ಬಿದ್ದರೆ ಹುಳ ಜೀವಂತ ಇದೆ. ಇದು ಸಾಮಾನ್ಯವಾಗಿ ಮರದ ಹೊರಗಿನ ಬಿಳಿ ಭಾಗವನ್ನು ತಿನ್ನುತ್ತದೆ, ಒಳಗಿನ ಗಟ್ಟಿ ಚೇಗಿಗೆ ಹೋಗುವುದು ಕಡಿಮೆ.

ಹುಳಕ್ಕೆ ನಾನು ಮಾಡಿದ್ದು ಬೋರಾಕ್ಸ್ ನೀರು. ಒಂದು ಲೀಟರ್ ಬಿಸಿನೀರಿಗೆ 30 ಗ್ರಾಂ ಬೋರಾಕ್ಸ್, 20 ಗ್ರಾಂ ಬೋರಿಕ್ ಪೌಡರ್ (ಕೇರಂ ಬೋರ್ಡಿಗೆ ಹಾಕುವುದೇ). ಪೈಂಟ್, ಪಾಲಿಶ್ ತೆಗೆದ ಬರೀ ಮರಕ್ಕೆ ಬ್ರಶ್ಶಿನಲ್ಲಿ ಎರಡು ಮೂರು ಸಲ ಬಳಿಯಬೇಕು, ತೂತಿನೊಳಗೆ ಸಿರಿಂಜಿನಲ್ಲಿ ಬಿಡಬೇಕು. ಪಾಲಿಶ್ ಇದ್ದರೆ ನೀರು ಒಳಗೇ ಹೋಗುವುದಿಲ್ಲ, ಬಳಿದದ್ದು ದಂಡ. ಅಡುಗೆಯ ಪಾತ್ರೆಯಲ್ಲಿ ಕಲಸಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ನಮ್ಮ ಊರಿನ ಮನೆಗಳಲ್ಲಿ ಮಾಡಿನ ಪಕ್ಕಾಸಿಗೆ, ಅಂದರೆ ಸೂರಿನ ಮರಕ್ಕೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿ ಇದೆ. ಒರಲೆಗೆ ಒಳ್ಳೆಯದು, ಸುಳ್ಳಲ್ಲ. ಆದರೆ ಕುರ್ಚಿಗೆ ಅದು ಬೇಡವೇ ಬೇಡ. ಕೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಮರ ಕಪ್ಪಾಗುತ್ತದೆ.

ಅಲ್ಲಾಡುವ ಕಾಲು

ಹಳೆ ಕುರ್ಚಿಯ ಮುಖ್ಯ ಕಾಯಿಲೆ ಇದೇ. ಕಾಲಿನಲ್ಲಿ ಒಂದು ತೂತು, ಅಡ್ಡಪಟ್ಟಿಯ ತುದಿಯಲ್ಲಿ ಒಂದು ನಾಲಗೆ, ನಾಲಗೆ ತೂತಿನೊಳಗೆ ಕೂತಿರುತ್ತದೆ. ವರ್ಷ ವರ್ಷ ಮಳೆಗೆ ಉಬ್ಬಿ ಬೇಸಗೆಗೆ ಕುಗ್ಗಿ ಒಳಗಿನ ಅಂಟು ಬಿಡುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದು ಮೊಳೆ ಹೊಡೆಯುವುದು. ನಾನೂ ಹೊಡೆಯಲು ಹೊರಟಿದ್ದೆ. ತೋಟದ ಪಂಪ್‌ಶೆಡ್ಡಿನ ಬಾಗಿಲು ಸರಿಮಾಡಲು ಬಂದ ಆಚಾರಿ ನೋಡಿ ಓಡಿ ಬಂದರು. "ಅಮ್ಮಾ, ಮೊಳೆ ಬೇಡ. ನಾಲಗೆ ಸೀಳಿ ಹೋದರೆ ಮತ್ತೆ ನಾನೂ ಏನೂ ಮಾಡಲಿಕ್ಕಿಲ್ಲ. ಬಿಚ್ಚಿ, ತೊಳೆದು, ಅಂಟು ಹಾಕಿ" ಅಂದರು. ಅವರು ಹೇಳಿಕೊಟ್ಟ ಕ್ರಮ ಹೀಗೆ.

ಬಿಚ್ಚುವ ಮೊದಲು ಪ್ರತಿ ಕೀಲಿಗೂ ಚಾಕ್‌ನಿಂದ ಗುರುತು ಹಾಕಿ. ಈ ಕಾಲಿಗೂ ಈ ಪಟ್ಟಿಗೂ 1, ಆ ಕಾಲಿಗೂ ಆ ಪಟ್ಟಿಗೂ 2. ನೋಡಲು ಎಲ್ಲ ಕಾಲೂ ಒಂದೇ ಥರ ಇರುತ್ತವೆ, ಆದರೆ ಕೈಕೆಲಸದ ಕುರ್ಚಿಯಲ್ಲಿ ಒಂದರ ನಾಲಗೆ ಇನ್ನೊಂದರ ತೂತಿಗೆ ಕೂರುವುದಿಲ್ಲ. ಕೀಲಿಗೆ ಅಡ್ಡವಾಗಿ ಮರದ್ದೋ ಬಿದಿರಿನದ್ದೋ ಸಣ್ಣ ಆಣಿ ಹೊಡೆದಿದ್ದಾರಾ ನೋಡಿ. ಇದ್ದರೆ ಅದನ್ನು ಮೊದಲು ಹೊರಗೆ ತಳ್ಳಬೇಕು. ಆಮೇಲೆ ಒಂದು ಮರದ ತುಂಡು ಅಡ್ಡ ಇಟ್ಟು ಅದರ ಮೇಲೆ ಮೆಲ್ಲ ಕೊಡತಿಯಿಂದ ಬಡಿಯಿರಿ. ಸುತ್ತಿಗೆ ನೇರ ಕುರ್ಚಿಗೆ ತಾಗಿದರೆ ಆ ಗುರುತು ಹೋಗುವುದೇ ಇಲ್ಲ. ಸಡಿಲ ಇರುವ ಕೀಲು ಮಾತ್ರ ಬಿಚ್ಚಿ, ಗಟ್ಟಿ ಇದ್ದದ್ದನ್ನು ಮುಟ್ಟಬೇಡಿ.

ಒಳಗೆ ಕಂದು ಬಣ್ಣದ, ಗಾಜಿನಂತೆ ಪುಡಿಯಾಗುವ ಅಂಟು ಕಂಡರೆ ಅದು ಹಳೆ ಕಾಲದ ಸರೇಸು. ಬಿಸಿನೀರಿನ ಬಟ್ಟೆ ಸುತ್ತಿಟ್ಟರೆ ಮೆತ್ತಗಾಗುತ್ತದೆ. ಅದನ್ನು ಪೂರ್ತಿ ಕೆರೆದು ತೆಗೆಯಬೇಕು, ಹಳೆ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ. ಮರ ಒಂದೆರಡು ದಿನ ಒಣಗಲಿ. ನಾಲಗೆ ತೂತಿನಲ್ಲಿ ಆಡುವಷ್ಟು ಸವೆದಿದ್ದರೆ ತೆಳು ಮರದ ಚಕ್ಕೆ ಅಂಟಿಸಿ ದಪ್ಪ ಮಾಡಿ. ಆಮೇಲೆ ಎರಡೂ ಕಡೆ ಫೆವಿಕಾಲ್ ಬಳಿದು ಸೇರಿಸಿ.

ಇನ್ನು ಬಿಗಿಯಬೇಕು. ಕ್ಲಾಂಪ್ ಬೇಕಂತಿಲ್ಲ. ಹಳೆ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ನಾಲ್ಕು ಕಾಲಿಗೂ ಸುತ್ತು ಸುತ್ತಿ ಎಳೆದು ಕಟ್ಟಿ. ಅಥವಾ ಹಗ್ಗ ಎರಡು ಸುತ್ತು ಹಾಕಿ, ನಡುವೆ ಒಂದು ಕೋಲು ತೂರಿಸಿ ತಿರುಚಿ. ಹೊರಗೆ ಬಂದ ಅಂಟನ್ನು ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಇಲ್ಲದಿದ್ದರೆ ಪಾಲಿಶ್ ಹಾಕಿದಾಗ ಅಲ್ಲಿ ಬಿಳಿ ಮಚ್ಚೆ ಕಾಣುತ್ತದೆ. ನೂಲು ಹಿಡಿದು ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಅಳತೆ ಒಂದೇ ಇದ್ದರೆ ಕುರ್ಚಿ ಸೊಟ್ಟ ಇಲ್ಲ. ಸಮ ನೆಲದ ಮೇಲೆ ಇಟ್ಟು ನಾಲ್ಕು ಕಾಲೂ ತಾಗಿದೆಯಾ ನೋಡಿ, 24 ಗಂಟೆ ಮುಟ್ಟದೆ ಬಿಡಿ.

ಈ 24 ಗಂಟೆಯ ವಿಷಯ ಹೇಳಬೇಕು. ನಮ್ಮಲ್ಲಿ ಸಂಜೆ ನಾಲ್ಕಕ್ಕೆ ಚಾ. ಅವರು ತೋಟದಿಂದ ಬಂದು ಕಾಲು ತೊಳೆದು ಕೂರುವ ಹೊತ್ತು. ಬೆಳಿಗ್ಗೆ ಹೇಗೋ ಕಳೆಯುತ್ತದೆ, ರಾತ್ರಿ ಟೀವಿ ಇರುತ್ತದೆ. ನಾಲ್ಕರಿಂದ ಆರು ನನಗೆ ಉಸಿರು ಕಟ್ಟುತ್ತಿತ್ತು. ಒಂದು ದಿನ ನಾಲ್ಕಕ್ಕೆ ಸರಿಯಾಗಿ ಹಗ್ಗ ಬಿಗಿದೆ. ಮಾರನೆ ದಿನ ನಾಲ್ಕಕ್ಕೆ ಅದನ್ನು ಬಿಚ್ಚಬೇಕಿತ್ತು. ಮರುದಿನ ಮಧ್ಯಾಹ್ನವೇ ಗಡಿಯಾರ ನೋಡಲು ಶುರು ಮಾಡಿದೆ. ಅಷ್ಟು ದಿನದಲ್ಲಿ ನಾಲ್ಕು ಗಂಟೆ ಆಗಲಿ ಅಂತ ಕಾದದ್ದು ಅದೇ ಮೊದಲು. ಹಾಗಾಗಿ ನಿಮಗೆ ಯಾವ ಹೊತ್ತು ಕಷ್ಟವೋ ಆ ಹೊತ್ತಿಗೇ ಕೆಲಸ ಇಟ್ಟುಕೊಳ್ಳಿ. ಒಂದೇ ದಿನ ಎಲ್ಲ ಮುಗಿಸಬೇಡಿ. ಊಟ ಮಾಡಿಯೇ ಕೂರಿ. ಒಬ್ಬಳಿಗೆ ಏನು ಅಡುಗೆ ಅಂತ ಎರಡು ಬಿಸ್ಕೆಟಿನಲ್ಲಿ ಮಧ್ಯಾಹ್ನ ಕಳೆದು ಉಳಿ ಹಿಡಿದರೆ ಕೈ ನಡುಗುತ್ತದೆ. ಉಳಿ ಕೈಗೆ ತಾಗಿದರೆ ಕರೆದುಕೊಂಡು ಹೋಗಲು ಮನೆಯಲ್ಲಿ ಯಾರೂ ಇಲ್ಲ, ಅದು ನೆನಪಿರಲಿ. ಉಳಿಯ ಕೆಲಸ ಇದ್ದ ದಿನ ಪಕ್ಕದ ಮನೆಗೆ ಒಂದು ಮಾತು ಹೇಳಿ.

ಪೈಂಟ್ ತೆಗೆಯುವುದು, ಉಜ್ಜುವುದು

ಹಳೆ ಪೈಂಟಿನಲ್ಲಿ ಸೀಸ ಇರುವ ಸಾಧ್ಯತೆ ಇದೆ. ನಮ್ಮ ದೇಶದಲ್ಲಿ ಮನೆಯ ಪೈಂಟಿಗೆ ಸೀಸದ ಮಿತಿ ಕಡ್ಡಾಯವಾಗಿ ಬಂದದ್ದೇ 2017ರ ನವೆಂಬರಿನಿಂದ. ಹಾಗಾಗಿ ಹಳೆ ಪೈಂಟನ್ನು ಒಣಗಿದ್ದಾಗ ಉಜ್ಜಿ ಹುಡಿ ಹಾರಿಸಬೇಡಿ. ನೀರು ಹಾಕಿ ಉಜ್ಜುವ ಕಪ್ಪು ಸ್ಯಾಂಡ್ ಪೇಪರ್ ಸಿಗುತ್ತದೆ, ಅದನ್ನೇ ತನ್ನಿ. ಮಾಸ್ಕ್ ಹಾಕಿ, ಅಂಗಳದಲ್ಲಿ ಕೂತು ಮಾಡಿ, ಮೊಮ್ಮಕ್ಕಳು ಬಂದಿದ್ದರೆ ಆ ವಾರ ಬೇಡ. ಕೆಳಗೆ ಹಾಸಿದ ಪೇಪರನ್ನು ಹುಡಿ ಸಮೇತ ಕಟ್ಟಿ ಬಿಸಾಡಿ, ತೋಟದ ಬುಡಕ್ಕೆ ಹಾಕಬೇಡಿ.

ಪೈಂಟ್ ಇಲ್ಲದೆ ಬರೀ ಹಳೆ ಪಾಲಿಶ್ ಇದ್ದರೆ ಮೊದಲು ಅದೇನು ಅಂತ ತಿಳಿಯಿರಿ. ಅಡಿಯಲ್ಲಿ ಕಾಣದ ಕಡೆ ಹತ್ತಿಯಲ್ಲಿ ಸ್ಪಿರಿಟ್ ತಾಗಿಸಿ ಒಂದು ನಿಮಿಷ ಬಿಡಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ಅದಕ್ಕೆ ಉಜ್ಜುವುದೇ ಬೇಡ, ಸ್ಪಿರಿಟಿನಲ್ಲಿ ಒರೆಸಿದರೆ ಬರುತ್ತದೆ. ಎಷ್ಟೋ ಕುರ್ಚಿಗೆ ಅಷ್ಟೂ ಬೇಕಾಗುವುದಿಲ್ಲ. ಐವತ್ತು ವರ್ಷದ ಕೈಕೊಳೆ, ಹೊಗೆ, ಧೂಳು ಮೇಲೆ ಕೂತು ಕಪ್ಪಾಗಿರುತ್ತದೆ ಅಷ್ಟೆ. ಒಂದು ಬೋಗುಣಿ ಬೆಚ್ಚಗಿನ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು, ಹಿಂಡಿದ ಬಟ್ಟೆ, ಕೂಡಲೇ ಒಣ ಬಟ್ಟೆ. ಮೊದಲು ಇದನ್ನು ಮಾಡಿ ನೋಡಿ.

ಸ್ಯಾಂಡ್ ಪೇಪರಿಗೆ ನಮ್ಮ ಪೇಟೆಯಲ್ಲಿ ಮಲಯಾಳದವರು ಉಪ್ಪು ಕಡಲಾಸ್ ಅನ್ನುತ್ತಾರೆ. ನಂಬರ್ ಹೇಳಿ ಕೇಳಿ. 80 ಒರಟು, ಆಮೇಲೆ 120, ಕೊನೆಗೆ 220. ಮರದ ಗೆರೆ ಹೋದ ದಿಕ್ಕಿಗೇ ಉಜ್ಜಬೇಕು. ಅಡ್ಡ ಉಜ್ಜಿದರೆ ಗೀರು ಬೀಳುತ್ತದೆ, ಪಾಲಿಶ್ ಹಾಕಿದ ಮೇಲೆ ಅದು ಇನ್ನೂ ಎದ್ದು ಕಾಣುತ್ತದೆ. ನಂಬರ್ ಹಾರಿಸಬೇಡಿ.

ಪಾಲಿಶ್: ಕಾಲ ನೋಡಿ

ನನ್ನ ದೊಡ್ಡ ತಪ್ಪು ಇಲ್ಲಿ. ಉಜ್ಜಿ ಮುಗಿದ ನೀಲಿ ಕುರ್ಚಿಗೆ ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲೇ ಪಾಲಿಶ್ ಹಾಕಿದೆ. ಸುಮ್ನೆ ಕೂರಲು ಆಗುತ್ತಿರಲಿಲ್ಲ. ಬೆಳಿಗ್ಗೆ ನೋಡುವಾಗ ಕುರ್ಚಿಯ ಮೇಲೆಲ್ಲ ಮಂಜು ಹಿಡಿದಂತೆ ಬಿಳಿ. ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ ಇದ್ದರೆ ಅದು ಅರಗಿನ ಪದರದೊಳಗೆ ಸಿಕ್ಕಿಕೊಂಡು ಹಾಗಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಿಲ್ಲೆ ನಮ್ಮದು. ಜೂನಿನಿಂದ ಸೆಪ್ಟೆಂಬರ್ ತನಕ ಇಲ್ಲಿ ಪಾಲಿಶ್ ಬೇಡ. ಆಗ ಬಿಚ್ಚುವ, ಉಜ್ಜುವ, ಬೆತ್ತ ಹೆಣೆಯುವ ಕೆಲಸ ಮಾಡಿಕೊಳ್ಳಿ. ಅಂಗಳದಲ್ಲಿ ಅಡಕೆ ಒಣಗುವ ಕಾಲ ಬಂತಲ್ವಾ, ಅದೇ ಪಾಲಿಶಿನ ಕಾಲ. ನಾನು ದೀಪಾವಳಿ ಕಳೆದ ಮೇಲೆ ಸ್ಪಿರಿಟಿನಲ್ಲಿ ಒರೆಸಿ ಮತ್ತೆ ಹಾಕಿದೆ, ಸರಿಯಾಯಿತು.

ಅರಗಿನ ಪಾಲಿಶ್ ಮನೆಯಲ್ಲೇ ಆಗುತ್ತದೆ. ಅರ್ಧ ಲೀಟರ್ ಪಾಲಿಶ್ ಸ್ಪಿರಿಟಿಗೆ 75ರಿಂದ 100 ಗ್ರಾಂ ಅರಗಿನ ಹಕ್ಕಳೆ, ಗಾಜಿನ ಬಾಟಲಿಯಲ್ಲಿ ಹಾಕಿ ಒಂದು ರಾತ್ರಿ ಬಿಡಿ. ಆಗಾಗ ಕುಲುಕಿ, ಮಾರನೆ ದಿನ ಬಟ್ಟೆಯಲ್ಲಿ ಸೋಸಿ. ಸ್ಪಿರಿಟ್ ಸಿಗದಿದ್ದರೆ ತಯಾರಾದ ಪಾಲಿಶ್ ಬಾಟಲಿ ತನ್ನಿ. ಸ್ಪಿರಿಟ್ ವಿಷ, ಬೆಂಕಿಗೆ ಬೇಗ ಹತ್ತುತ್ತದೆ, ಒಲೆಯ ಹತ್ತಿರ ಬೇಡ. ಹತ್ತಿಯ ಉಂಡೆಯನ್ನು ಹಳೆ ಪಂಚೆಯ ತುಂಡಿನಲ್ಲಿ ಸುತ್ತಿ ಪಾಲಿಶಿನಲ್ಲಿ ಅದ್ದಿ, ಹಿಂಡಿ, ಉದ್ದಕ್ಕೆ ಒಂದೇ ಎಳೆತದಲ್ಲಿ ಎಳೆಯಿರಿ. ಹೋದ ಕಡೆಗೆ ಕೂಡಲೇ ತಿರುಗಿ ಬರಬೇಡಿ, ಅಂಟಿಕೊಂಡು ಎದ್ದು ಬರುತ್ತದೆ. ಒಣಗಿದ ಮೇಲೆ ಮತ್ತೊಂದು ಪದರ. ನಾನು ಐದಾರು ಪದರ ಹಾಕುತ್ತೇನೆ. ಇದರ ಮೇಲೆ ಬಿಸಿ ಚಾದ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಕುರ್ಚಿಯ ಕೈ ಮೇಲೆ ಲೋಟ ಇಡುವ ಮನೆಯಾದರೆ ಅಗಸೆ ಎಣ್ಣೆಯೇ ಒಳ್ಳೆಯದು. ತೆಳುವಾಗಿ ಬಳಿದು, ಕಾಲು ಗಂಟೆ ಬಿಟ್ಟು, ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಬೇಕು. ಒಣಗಲು ಕೆಲವು ದಿನ ಬೇಕು.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನಾಗಿ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಅಂಗಳದ ತಂತಿಯ ಮೇಲೆ ಬಿಡಿಸಿ ಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ರಾತ್ರಿ ಒಬ್ಬರೇ ಇರುವ ಮನೆ, ಇದನ್ನು ಮರೆಯಲೇಬಾರದು.

ತೆಂಗಿನೆಣ್ಣೆ ಮನೆಯಲ್ಲಿ ಬೇಕಾದಷ್ಟಿದೆ, ಅದನ್ನೇ ಬಳಿದರೇನು ಅಂತ ಎಲ್ಲರೂ ಕೇಳುತ್ತಾರೆ. ತೆಂಗಿನೆಣ್ಣೆ ಒಣಗಿ ಗಟ್ಟಿಯಾಗುವ ಎಣ್ಣೆ ಅಲ್ಲ. ಒಂದು ವಾರ ಹೊಳೆಯುತ್ತದೆ, ಆಮೇಲೆ ಧೂಳು ಹಿಡಿದು ಕಮಟು ವಾಸನೆ.

ಬೆತ್ತ

ಬೆತ್ತ ಜೋತು ಬಿದ್ದಿದೆ, ಹರಿದಿಲ್ಲ ಅಂತಾದರೆ ಹೊಸತು ಬೇಡ. ಕುರ್ಚಿ ತಲೆಕೆಳಗೆ ಮಾಡಿ ಅಡಿಯಿಂದ ಬಿಸಿನೀರಿನ ಬಟ್ಟೆ ಇಟ್ಟು ಚೆನ್ನಾಗಿ ನೆನೆಸಿ. ಮೇಲಿನ ಮೈ ನಯ, ನೀರು ಕುಡಿಯುವುದಿಲ್ಲ, ಅದಕ್ಕೇ ಅಡಿಯಿಂದ. ನೆರಳಲ್ಲಿ ಒಂದು ದಿನ ಒಣಗಲಿ, ಯಾರೂ ಕೂರುವುದು ಬೇಡ. ಒಣಗುತ್ತ ಬೆತ್ತ ಕುಗ್ಗಿ ಬಿಗಿಯಾಗುತ್ತದೆ. ಬೆರಳಿನಿಂದ ಮೀಟಿದರೆ ಟಣ್ ಅನ್ನುತ್ತದೆ. ನಾಲ್ಕು ಕುರ್ಚಿ ಹೀಗೇ ಸರಿಯಾದವು.

ಹರಿದ ಎರಡರಲ್ಲಿ ಒಂದನ್ನು ಹೆಣೆಯುವವರಿಗೆ ಕೊಟ್ಟೆ, ಅವರು ಮಾಡುವುದನ್ನು ಕೂತು ನೋಡಿದೆ. ಇನ್ನೊಂದನ್ನು ನಾನೇ ಹೆಣೆದೆ, ಮೂರು ವಾರ ಹಿಡಿಯಿತು. ಸೀಳಿದ ಬೆತ್ತವನ್ನು ಬೆಚ್ಚಗಿನ ನೀರಿನಲ್ಲಿ 20 ನಿಮಿಷ ನೆನೆಸಿ, ಜಾಸ್ತಿ ಹೊತ್ತು ಇಟ್ಟರೆ ಕಪ್ಪಾಗುತ್ತದೆ. ನಯದ ಮೈ ಯಾವಾಗಲೂ ಮೇಲೆ. ಹಿಂದಿನ ನಡು ತೂತಿನಿಂದ ಮುಂದಿನ ನಡು ತೂತಿಗೆ ಮೊದಲ ಎಳೆ. ತೂತಿಗೆ ಬೆಣೆ ಬೇಕು, ನಾನು ಅಡಕೆ ಮರದ ಸೀಳನ್ನು ಚೂಪು ಮಾಡಿ ಇಪ್ಪತ್ತು ಬೆಣೆ ಮಾಡಿಕೊಂಡೆ. ಮೊದಲು ಹಿಂದೆ ಮುಂದೆ ಎಳೆಗಳು. ಅದರ ಮೇಲೆ ಅಡ್ಡ ಎಳೆಗಳು. ಅದರ ಮೇಲೆ ಮತ್ತೊಮ್ಮೆ ಹಿಂದೆ ಮುಂದೆ, ಮೊದಲಿನದ್ದಕ್ಕಿಂತ ಕೂದಲೆಳೆಯಷ್ಟು ಬಲಕ್ಕೆ. ನಾಲ್ಕನೆಯದ್ದು ಅಡ್ಡ, ಈಗ ಮೇಲೆ ಕೆಳಗೆ ಹೆಣೆಯುತ್ತ ಹೋಗಬೇಕು. ಐದು, ಆರು ಓರೆ ಎಳೆಗಳು, ಒಂದು ಈ ಮೂಲೆಯಿಂದ, ಇನ್ನೊಂದು ಆ ಮೂಲೆಯಿಂದ. ಕೊನೆಗೆ ಅಂಚಿನ ಕಟ್ಟು. ಓರೆ ಎಳೆ ಸರಾಗ ಜಾರಬೇಕು, ತಡೆದರೆ ಎಲ್ಲೋ ಮೇಲೆ ಹೋಗಬೇಕಾದದ್ದು ಕೆಳಗೆ ಹೋಗಿದೆ. ಬಿಚ್ಚಿ ಸರಿಮಾಡಿ. ನಾನು ನಾಲ್ಕು ಸಲ ಬಿಚ್ಚಿದೆ. ಎಣಿಸುತ್ತ ಹೋಗುವ ಕೆಲಸ ಆದ್ದರಿಂದ ಬೇರೆ ಯೋಚನೆ ಒಳಗೆ ಬರಲು ಜಾಗ ಇರುವುದಿಲ್ಲ. ಮಳೆಗಾಲದ ಸಂಜೆಗೆ ಇದಕ್ಕಿಂತ ಒಳ್ಳೆ ಕೆಲಸ ನಾನು ಕಾಣೆ.

ಅವರ ಕುರ್ಚಿ

ವರ್ಷಾಂತ ಕಳೆದು, ಆರು ಕುರ್ಚಿ ಮುಗಿದು, ಮತ್ತೊಂದು ಮಳೆಗಾಲ ದಾಟಿದ ಮೇಲೆ ಸೀರೆ ತೆಗೆದೆ. ಕೀಲೆಲ್ಲ ಗಟ್ಟಿ ಇತ್ತು. ತಲೆಕೆಳಗೆ ಮಾಡಿದಾಗ ಬಲಗೈ ಪಟ್ಟಿಯ ಅಡಿಯಲ್ಲಿ ಬೆಳ್ಳಗೆ ಒಂದು ಗಟ್ಟಿ ಪದರ ಕಂಡಿತು. ಮೊದಲು ಹುಳದ ಹುಡಿ ಅಂದುಕೊಂಡೆ. ಉಗುರಲ್ಲಿ ಕೆರೆದರೆ ಸುಣ್ಣ. ವೀಳ್ಯದೆಲೆಗೆ ಸುಣ್ಣ ಹಚ್ಚಿ ಬೆರಳಿನಲ್ಲಿ ಉಳಿದದ್ದನ್ನು ಅವರು ಅಲ್ಲಿ ಒರೆಸುತ್ತಿದ್ದರು. ಕಂಬಕ್ಕೆ ಒರೆಸಬೇಡಿ ಅಂತ ನಾನು ಬೈದದ್ದಕ್ಕೆ ಯಾರಿಗೂ ಕಾಣದ ಜಾಗ ಹುಡುಕಿಕೊಂಡಿದ್ದಾರೆ. ಮೂವತ್ತು ವರ್ಷದ ಸುಣ್ಣ, ಬೆರಳಿನ ಅಗಲಕ್ಕೆ.

ಮರದ ಮೇಲಿನ ಸುಣ್ಣ ತೆಗೆಯುವುದು ಸುಲಭ. ವಿನೆಗರಿನಲ್ಲಿ ಬಟ್ಟೆ ಅದ್ದಿ ಐದು ನಿಮಿಷ ಇಟ್ಟರೆ ಕರಗುತ್ತದೆ, ಆಮೇಲೆ ನೀರಿನ ಬಟ್ಟೆಯಲ್ಲಿ ಒರೆಸಿದರೆ ಆಯಿತು. ನಾನು ತೆಗೆಯಲಿಲ್ಲ. ಕೈ ಪಟ್ಟಿಯ ಮೇಲೆ ಅವರ ಹಸ್ತ ತಾಗಿ ಸವೆದು ನಯವಾದ ಜಾಗಕ್ಕೂ ಸ್ಯಾಂಡ್ ಪೇಪರ್ ತಾಗಿಸಲಿಲ್ಲ. ಸೋಪು ನೀರಿನಲ್ಲಿ ಒರೆಸಿ, ತೆಳುವಾಗಿ ಅಗಸೆ ಎಣ್ಣೆ ಹಾಕಿದೆ, ಅಷ್ಟೆ. ನಿಮಗೂ ಇಂಥ ಗುರುತು ಸಿಗುತ್ತದೆ. ಉಜ್ಜುವ ಮೊದಲು ಕುರ್ಚಿಯನ್ನು ಬೆಳಕಿಗೆ ಹಿಡಿದು ಪೂರ್ತಿ ನೋಡಿ, ಉಳಿಸಬೇಕಾದ ಜಾಗಕ್ಕೆ ಟೇಪ್ ಅಂಟಿಸಿ. ಒಮ್ಮೆ ಉಜ್ಜಿದ ಮೇಲೆ ಅದು ತಿರುಗಿ ಬರುವುದಿಲ್ಲ.

ಬಟ್ಟೆ ಮಾತ್ರ ಬದಲಿಸಲೇಬೇಕಿತ್ತು, ಅಂಚು ಹರಿದಿತ್ತು. ಹರಿದ ಬಟ್ಟೆಯಲ್ಲಿ ಯಾರಾದರೂ ಕೂತರೆ ಸೊಂಟ ಮುರಿಯುತ್ತದೆ. ಹಳೆ ಬಟ್ಟೆಯನ್ನೇ ಅಳತೆಗೆ ಇಟ್ಟುಕೊಳ್ಳಿ. ದಪ್ಪ ಹತ್ತಿ ಕ್ಯಾನ್ವಾಸ್ ತಂದು ಒಮ್ಮೆ ನೀರಿಗೆ ಹಾಕಿ ಒಣಗಿಸಿ, ಇಲ್ಲದಿದ್ದರೆ ಆಮೇಲೆ ಕುಗ್ಗುತ್ತದೆ. ಹಳೆ ಬಟ್ಟೆ ಜೋತು ಉದ್ದವಾಗಿರುತ್ತದೆ, ಹೊಸತನ್ನು ಅದಕ್ಕಿಂತ ಎರಡು ಇಂಚು ಗಿಡ್ಡ ಮಾಡಿ. ಎರಡು ತುದಿಗೂ ಕೋಲು ತೂರುವಷ್ಟು ಅಗಲದ ಮಡಿಕೆ ಹಾಕಿ, ನೈಲಾನ್ ನೂಲಿನಲ್ಲಿ ಮೂರು ಸಾಲು ಹೊಲಿಗೆ. ದಪ್ಪ ಬಟ್ಟೆ ಹೊಲಿಯುವ ಟೈಲರ್ ಹತ್ತಿರ ಕೊಡಿ, ಮನೆಯ ಮೆಷಿನ್ನಿನ ಸೂಜಿ ಮುರಿಯುತ್ತದೆ. ಹಳೆ ಬಟ್ಟೆಯನ್ನು ನಾನು ಒಗೆಯದೆ ಮಡಚಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಕೋಲು ತೂರಿಸಿ ಬಟ್ಟೆ ಏರಿಸಿದ ಮೇಲೆ ಮೊದಲು ಕೈ ಊರಿ ಭಾರ ಹಾಕಿ ನೋಡಿ, ಆಮೇಲೆ ಕೂರಿ. ಹೊಸ ಬಟ್ಟೆ ಮೊದಲ ವಾರ ಬಿಗಿ ಇರುತ್ತದೆ, ಬೆನ್ನು ಒರಗುವುದಿಲ್ಲ. ದಿನಾ ಒಂದು ಗಂಟೆ ಯಾರಾದರೂ ಕೂತರೆ ಹದಕ್ಕೆ ಬರುತ್ತದೆ. ನಮ್ಮಲ್ಲಿ ನಾಲ್ಕಕ್ಕೆ ಚಾ ಹಿಡಿದುಕೊಂಡು ನಾನೇ ಕೂರುತ್ತಿದ್ದೇನೆ.